ಅಕ್ಕನ ಮೆಸೇಜು, ನನ್ನ ಎದೆಬಡಿತ: ಬಿಪಿಡಿ ಇರೋರ ಮನೆಯವರು ಆತಂಕವನ್ನ ನಿಭಾಯಿಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಈ ಮಾತುಕತೆಯಲ್ಲಿ ಆತ್ಮಹತ್ಯೆಯ ಯೋಚನೆ ಮತ್ತು ತನಗೆ ತಾನೇ ಹಾನಿ ಮಾಡಿಕೊಳ್ಳುವುದರ ಪ್ರಸ್ತಾಪವಿದೆ. ಓದುವಾಗ ಕಷ್ಟ ಅನ್ನಿಸಿದರೆ ನಿಲ್ಲಿಸಿ, ಆಮೇಲೆ ಬನ್ನಿ. ತುರ್ತಾಗಿ ಯಾರ ಜೊತೆಗಾದರೂ ಮಾತಾಡಬೇಕಿದ್ದರೆ ಟೆಲಿ ಮಾನಸ್ ಸಹಾಯವಾಣಿ: 14416. ಕನ್ನಡದಲ್ಲಿ ಮಾತಾಡಬಹುದು, ಉಚಿತ, ದಿನದ 24 ಗಂಟೆಯೂ ಲಭ್ಯ.)



ಇವತ್ತು ಯಾರನ್ನೂ ಸಂದರ್ಶನ ಮಾಡ್ತಿಲ್ಲ, ನಾನೊಬ್ಬನೇ ಮಾತಾಡ್ತೀನಿ. ವಿಷಯ ನಮ್ಮ ಮನೆದು. ನಮ್ಮ ಅಕ್ಕನಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಇದೆ, ಚಿಕ್ಕದಾಗಿ ಬಿಪಿಡಿ ಅಂತಾರೆ. ಅವಳ ಹೆಸರು ಹೇಳಲ್ಲ. ಈ ಸ್ಕ್ರಿಪ್ಟ್ ಅವಳು ಓದಿದ್ದಾಳೆ. ಒಂದು ಕಡೆ ನಾನು ‘ಇದರಿಂದ ನಮ್ಮ ಮನೆ ಹಾಳಾಯ್ತು’ ಅಂತ ಬರೆದಿದ್ದೆ. ಅವಳು ಪೆನ್ನು ತಗೊಂಡು ‘ಹಾಳಾಯ್ತು’ ಹೊಡೆದು ಹಾಕಿ ‘ಕಷ್ಟ ಆಯ್ತು’ ಅಂತ ತಿದ್ದಿದಳು. ಅವಳು ಹೇಳಿದ್ದೇ ಸರಿ. ಹಾಗಾಗಿ, ಕಷ್ಟ ಆಯ್ತು.

ಆದ್ರೆ ಇವತ್ತಿನ ಮಾತು ಜಾಸ್ತಿ ಅಕ್ಕನ ಬಗ್ಗೆ ಅಲ್ಲ, ಪಕ್ಕದಲ್ಲಿರೋ ನಮ್ಮ ಬಗ್ಗೆ. ತಮ್ಮ, ತಂಗಿ, ಅಮ್ಮ, ಗಂಡ, ಮಗಳು, ಹೀಗೆ ಫೋನ್ ವೈಬ್ರೇಟ್ ಆದ್ರೆ ಸಾಕು ಹೊಟ್ಟೆಯೊಳಗೆ ಏನೋ ಕಲಸಿದಂಗೆ ಆಗೋರ ಬಗ್ಗೆ.

ಒಂದು ರಾತ್ರಿಯ ಕಥೆಯಿಂದ ಶುರು ಮಾಡ್ತೀನಿ. ನಾನಾಗ ಬೆಂಗಳೂರಲ್ಲಿ ಪಿಜಿಯಲ್ಲಿದ್ದೆ, ಅಕ್ಕ ಶಿವಮೊಗ್ಗದಲ್ಲಿ ಅಪ್ಪ-ಅಮ್ಮನ ಜೊತೆ. ಸಂಜೆ ಅವಳು ಫೋನ್ ಮಾಡಿದಾಗ ನಾನು ಮೀಟಿಂಗಲ್ಲಿದ್ದೆ. ‘ಆಮೇಲೆ ಮಾಡ್ತೀನಿ ಅಕ್ಕಾ’ ಅಂತ ಕಟ್ ಮಾಡಿದವನು ಮರೆತೇಬಿಟ್ಟೆ. ರಾತ್ರಿ 11.40ಕ್ಕೆ ಒಂದು ಮೆಸೇಜು: ‘ಇನ್ಮೇಲೆ ನಿಂಗೆ ತೊಂದ್ರೆ ಕೊಡಲ್ಲ ಪುಟ್ಟ.’ ಅಷ್ಟೇ. ನಾನು ಫೋನ್ ಮಾಡಿದ್ರೆ ಸ್ವಿಚ್ ಆಫ್.

ಏನು ಮಾಡಿದೆ ಗೊತ್ತಾ? ಮೆಜೆಸ್ಟಿಕ್‌ಗೆ ಓಡಿ ಸಿಕ್ಕಿದ ಬಸ್ ಹತ್ತಿದೆ. ದಾರಿಯುದ್ದಕ್ಕೂ ‘ಲಾಸ್ಟ್ ಸೀನ್’ ನೋಡ್ತಾ ಕೂತಿದ್ದೆ. ಬೆಳಗ್ಗೆ ಮನೆ ಬಾಗಿಲು ತಟ್ಟಿದ್ರೆ ಬಾಗಿಲು ತೆಗೆದವಳು ಅಕ್ಕನೇ. ‘ಏನೋ, ಹೇಳದೆ ಕೇಳದೆ ಬಂದ್ಬಿಟ್ಟಿದ್ದೀಯಾ? ಕಾಫಿ ಕುಡೀತೀಯಾ?’ ಅಂದ್ಲು. ಅವಳಿಗೆ ಏನೂ ಆಗಿರಲಿಲ್ಲ. ದೇವರ ದಯೆ. ಆದ್ರೆ ನಂಗೆ ಬಂದಿದ್ದು ನೆಮ್ಮದಿ ಅಲ್ಲ, ಸಿಟ್ಟು. ‘ನಾಟಕ ಆಡ್ತೀಯಾ?’ ಅಂತ ಕೂಗಾಡಿದೆ. ಅವಳು ಕಾಫಿ ಲೋಟ ಅಲ್ಲೇ ಇಟ್ಟು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಮತ್ತೆ ಎಲ್ಲಾ ಮೊದಲಿನಿಂದ.

ಇನ್ನೂ ಒಂದು ವಿಷಯ ಇದೆ, ಹೇಳೋಕೆ ಇವತ್ತಿಗೂ ನಾಚಿಕೆ ಆಗುತ್ತೆ. ಅವತ್ತು ರಾತ್ರಿ ಪಕ್ಕದ ರೂಮಲ್ಲೇ ಮಲಗಿದ್ದ ಅಪ್ಪ-ಅಮ್ಮನಿಗೆ ನಾನು ಫೋನೇ ಮಾಡಿರಲಿಲ್ಲ. ಯಾಕಂದ್ರೆ ‘ಅಮ್ಮಂಗೆ ಹೇಳಬೇಡ’ ಅಂತ ಅಕ್ಕ ಯಾವತ್ತೋ ಆಣೆ ಹಾಕಿಸಿದ್ದಳು. ನಿಜವಾಗಿ ಅಪಾಯ ಇದ್ದಿದ್ರೆ? ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ಇಬ್ಬರಿದ್ದರು. ನಾನಿದ್ದಿದ್ದು 300 ಕಿಲೋಮೀಟರ್ ದೂರದ ಬಸ್ಸಲ್ಲಿ. ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ವಾಪಸ್ ಬರ್ತೀನಿ.

ಈಗ ಬಿಪಿಡಿ ಅಂದ್ರೇನು ಅಂತ ಸ್ವಲ್ಪ ನೋಡೋಣ. ‘ಬಾರ್ಡರ್‌ಲೈನ್’ ಅಂದ ತಕ್ಷಣ ನಮ್ಮ ಚಿಕ್ಕಪ್ಪ, ‘ಓ, ಬಾರ್ಡರಲ್ಲಿದ್ಯಾ? ಶುಗರ್ ಥರ? ಹಂಗಾದ್ರೆ ಪರವಾಗಿಲ್ಲ’ ಅಂದಿದ್ದರು. ಹಾಗಲ್ಲ. ಈ ಹೆಸರು ಇಟ್ಟಿದ್ದು 1938ರಲ್ಲಿ, ಅಡಾಲ್ಫ್ ಸ್ಟರ್ನ್ ಅನ್ನೋ ಅಮೆರಿಕದ ವೈದ್ಯ. ಆಗಿನ ಕಾಲಕ್ಕೆ ಮಾನಸಿಕ ಕಾಯಿಲೆಗಳನ್ನ ನ್ಯೂರೋಸಿಸ್, ಸೈಕೋಸಿಸ್ ಅಂತ ಎರಡು ಗುಂಪು ಮಾಡ್ತಿದ್ರು. ಎರಡರ ಗಡಿಯಲ್ಲಿರೋರು ಅನ್ನೋ ಅರ್ಥದಲ್ಲಿ ಬಂದ ಹೆಸರಿದು. ಆ ಅರ್ಥ ಯಾವತ್ತೋ ಹೋಯ್ತು, ಹೆಸರು ಉಳೀತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನಲ್ಲಿ ಅಧಿಕೃತವಾಗಿ ಸೇರಿತು.

ಆ ಕೈಪಿಡಿಯಲ್ಲಿ ಒಟ್ಟು 9 ಲಕ್ಷಣ ಕೊಟ್ಟಿದ್ದಾರೆ, ಕನಿಷ್ಠ 5 ಇರಬೇಕು. ನಮ್ಮನ್ನ ಬಿಟ್ಟು ಹೋಗ್ತಾರೆ ಅನ್ನೋ ವಿಪರೀತ ಭಯ. ಇವತ್ತು ನೀನೇ ದೇವರು, ನಾಳೆ ನೀನೇ ಶತ್ರು ಅನ್ನೋ ಥರದ ಸಂಬಂಧಗಳು. ನಾನು ಯಾರು ಅನ್ನೋದೇ ಗಟ್ಟಿ ಇಲ್ಲದಿರೋದು. ಮುಂದೆ-ಹಿಂದೆ ನೋಡದೆ ದುಡ್ಡು ಖರ್ಚು, ಕುಡಿತ, ಅಂಥ ದುಡುಕುಗಳು. ಸಾಯೋ ಮಾತು, ತನಗೆ ತಾನೇ ಹಾನಿ ಮಾಡಿಕೊಳ್ಳೋದು. ಗಂಟೆ ಗಂಟೆಗೂ ಬದಲಾಗೋ ಮೂಡು. ಒಳಗೆಲ್ಲಾ ಖಾಲಿ ಖಾಲಿ ಅನ್ನಿಸೋದು. ತಡೆಯೋಕೆ ಆಗದ ಸಿಟ್ಟು. ಒತ್ತಡ ಜಾಸ್ತಿ ಆದಾಗ ಎಲ್ರ ಮೇಲೂ ಅನುಮಾನ, ಇಲ್ಲಾ ತನ್ನ ಮೈಯಿಂದ ತಾನೇ ದೂರ ಆದಂಗೆ ಅನ್ನಿಸೋದು.

ಇದನ್ನ ಕೇಳಿ ನಿಮ್ಮ ಎಕ್ಸ್‌ಗೋ ಮ್ಯಾನೇಜರ್‌ಗೋ ಬಿಪಿಡಿ ಇದೆ ಅಂತ ತೀರ್ಮಾನ ಮಾಡ್ಬೇಡಿ ದಯವಿಟ್ಟು. ಇವೆಲ್ಲಾ ಒಂದೊಂದಾಗಿ ನಮ್ಮೆಲ್ಲರಲ್ಲೂ ಯಾವಾಗಲಾದ್ರೂ ಇಣುಕುತ್ತೆ. ವರ್ಷಗಟ್ಟಲೆ, ಬದುಕಿನ ಎಲ್ಲಾ ಕಡೆ, ಒಟ್ಟೊಟ್ಟಿಗೆ ಇದೆಯಾ ಅಂತ ನೋಡಿ ಹೇಳಬೇಕಾದೋರು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್.

ಇದು ಯಾಕೆ ಬರುತ್ತೆ? ಒಂದೇ ಕಾರಣ ಇಲ್ಲ. ಹುಟ್ಟಿನಿಂದ ಬಂದ ಸೂಕ್ಷ್ಮ ಸ್ವಭಾವ ಒಂದು. ಬೆಳೆದ ಪರಿಸರ ಇನ್ನೊಂದು. ಕೆಲವರಿಗೆ ಬಾಲ್ಯದಲ್ಲಿ ದೌರ್ಜನ್ಯ ಆಗಿರುತ್ತೆ, ಎಲ್ರಿಗೂ ಅಲ್ಲ. ನಮ್ಮ ಅಮ್ಮ ತುಂಬಾ ದಿನ ‘ನಾನೇನು ತಪ್ಪು ಮಾಡಿದೆ ಮಗಾ’ ಅಂತ ಕೇಳ್ತಿದ್ರು. ಅಮ್ಮ ಕೆಟ್ಟ ತಾಯಿ ಅಲ್ಲ. ಆದ್ರೆ ‘ಇಷ್ಟಕ್ಕೆಲ್ಲಾ ಅಳ್ತಾರಾ? ಸುಮ್ನಿರು’ ಅಂತ ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕೇಳ್ತಿತ್ತು. ನಂಗೆ ಆ ಮಾತು ತಾಗ್ತಾನೇ ಇರಲಿಲ್ಲ, ಅಕ್ಕನಿಗೆ ತಾಗ್ತಿತ್ತು. ಮಾರ್ಷಾ ಲೈನ್‌ಹನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞೆ ಇದನ್ನ ಸುಟ್ಟ ಗಾಯಕ್ಕೆ ಹೋಲಿಸ್ತಾರೆ. ಮೈಯೆಲ್ಲಾ ಸುಟ್ಟಿರೋರನ್ನ ಮೆಲ್ಲಗೆ ಮುಟ್ಟಿದ್ರೂ ಚೀರ್ತಾರೆ. ನಾವು ‘ಮೆಲ್ಲಗೆ ತಾನೇ ಮುಟ್ಟಿದ್ದು’ ಅಂತೀವಿ. ಇಬ್ಬರು ಹೇಳ್ತಿರೋದೂ ನಿಜಾನೇ.

ಈ ಲೈನ್‌ಹನ್ ಅವರೇ ಬಿಪಿಡಿಗೆ ಅಂತ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದ್ರೆ ಡಿಬಿಟಿ ರೂಪಿಸಿದೋರು. ಅದರ ಮುಖ್ಯ ಪುಸ್ತಕ ಬಂದಿದ್ದು 1993ರಲ್ಲಿ. 2011ರಲ್ಲಿ ಅವರು ಒಂದು ವಿಷಯ ಬಹಿರಂಗ ಮಾಡಿದ್ರು: 1961ರಲ್ಲಿ, ತಮ್ಮ 17ನೇ ವಯಸ್ಸಲ್ಲಿ, ತಾವೂ ಇಂಥದ್ದೇ ನೋವಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ತುಂಬಾ ದಿನ ಇದ್ದೆ ಅಂತ. ಅದನ್ನ ಹೇಳಿದ್ದು ಅದೇ ಆಸ್ಪತ್ರೆಯಲ್ಲಿ ನಿಂತು. ಅಕ್ಕನಿಗೆ ಇದನ್ನ ಹೇಳಿದಾಗ ಅವಳು ಮೊಬೈಲಲ್ಲಿ ಅವರ ಫೋಟೋ ಹುಡುಕಿ ತುಂಬಾ ಹೊತ್ತು ನೋಡಿದ್ಲು.

ಈಗ ನಮ್ಮ ಆತಂಕದ ಮಾತು.

ಅಕ್ಕನ ಭಾವನೆ ಆ ರಾತ್ರಿ ಸುಳ್ಳಾಗಿರಲಿಲ್ಲ. ಮೆಸೇಜ್ ಕಳಿಸಿದ ಆ ಗಂಟೆಯಲ್ಲಿ ಅವಳಿಗೆ ತಾನು ಎಲ್ರಿಗೂ ಭಾರ ಅನ್ನೋದು ಕಣ್ಣೆದುರಿನ ಸತ್ಯ. ಬೆಳಗ್ಗೆ ಹೊತ್ತಿಗೆ ಅದು ಇಳಿದಿತ್ತು. ಅದೂ ನಿಜವೇ. ಅವಳದು ಇಳೀತು, ನನ್ನದು ಇಳೀಲಿಲ್ಲ. ಮುಂದಿನ ಎರಡು ತಿಂಗಳು ನಾನು ಬೆಂಗಳೂರಲ್ಲಿ ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎದ್ದು ಲಾಸ್ಟ್ ಸೀನ್ ನೋಡ್ತಿದ್ದೆ. ‘ಆನ್‌ಲೈನ್’ ಅಂತ ಕಂಡ್ರೆ ಒಂದು ಉಸಿರು ಬಿಡೋದು. ಹತ್ತು ನಿಮಿಷ ಆದ್ಮೇಲೆ, ಇಷ್ಟು ಹೊತ್ತಲ್ಲಿ ಯಾಕೆ ಎದ್ದಿದ್ದಾಳೆ ಅಂತ ಹೊಸ ಚಿಂತೆ.

ಆತಂಕ ಕೆಲಸ ಮಾಡೋದೇ ಹೀಗೆ. ಭಯ ಆಗುತ್ತೆ, ಚೆಕ್ ಮಾಡ್ತೀವಿ, ಸ್ವಲ್ಪ ಸಮಾಧಾನ ಆಗುತ್ತೆ. ಚೆಕ್ ಮಾಡಿದ್ದಕ್ಕೇ ಎಲ್ಲಾ ಸರಿ ಇದೆ ಅಂತ ಮಿದುಳು ಕಲಿಯುತ್ತೆ. ಹಾಗಾಗಿ ಮುಂದಿನ ಸಲ ಇನ್ನೂ ಬೇಗ ಚೆಕ್ ಮಾಡು ಅನ್ನುತ್ತೆ. ನಾನು ಕಾಯ್ತಿದ್ದೀನಿ ಅಂದ್ಕೊಂಡಿದ್ದೆ. ಬೆಂಗಳೂರಲ್ಲಿ ಮಲಗಿ ಸ್ಕ್ರೀನ್ ನೋಡೋದ್ರಿಂದ ಅಕ್ಕನಿಗೆ ಒಂದು ಗುಲಗಂಜಿಯಷ್ಟೂ ಉಪಯೋಗ ಆಗ್ತಿರಲಿಲ್ಲ.

ನಂಗೆ ಸಹಾಯ ಆದ ಕೆಲವು ವಿಷಯ ಹೇಳ್ತೀನಿ. ನಾನು ಡಾಕ್ಟರಲ್ಲ. ಇವನ್ನೆಲ್ಲಾ ಒಬ್ಬರು ಸೈಕಾಲಜಿಸ್ಟ್ ಹತ್ರ ಕಲಿತಿದ್ದು. ಹೌದು, ಹೋಗಿದ್ದು ನಾನು, ನನಗೋಸ್ಕರ. ‘ಕಾಯಿಲೆ ಅವಳಿಗೆ, ಡಾಕ್ಟರ್ ಹತ್ರ ಇವನು’ ಅಂತ ಫ್ರೆಂಡ್ಸ್ ನಕ್ರು. ನಗಲಿ.

ಮೊದಲನೇದು, ಅಪಾಯ ಮತ್ತು ಆತಂಕ ಎರಡನ್ನೂ ಬೇರೆ ಬೇರೆ ಮಾಡೋದು. ಬಿಪಿಡಿ ಇರೋರಲ್ಲಿ ಆತ್ಮಹತ್ಯೆಯ ಅಪಾಯ ಬೇರೆಯವರಿಗಿಂತ ಹೆಚ್ಚು. ‘ಸಾಯ್ತೀನಿ ಅನ್ನೋರು ಸಾಯಲ್ಲ’ ಅನ್ನೋ ಮಾತು ಶುದ್ಧ ಸುಳ್ಳು, ಅದನ್ನ ನಂಬಬೇಡಿ. ಹಾಗಂತ ಪ್ರತಿ ದಿನ, ಪ್ರತಿ ಗಂಟೆ ಅದೇ ಅಪಾಯ ಇರಲ್ಲ. ಗೊತ್ತಾಗೋಕೆ ದಾರಿ ಒಂದೇ, ನೇರವಾಗಿ ಕೇಳೋದು. ‘ಅಕ್ಕಾ, ಸಾಯೋ ಯೋಚನೆ ಬರ್ತಿದೆಯಾ? ಹೇಗೆ ಅಂತ ಏನಾದ್ರೂ ಯೋಚನೆ ಮಾಡಿದ್ದೀಯಾ?’ ಹೀಗೆ ಕೇಳಿದ್ರೆ ಇಲ್ಲದ ಯೋಚನೆ ಹುಟ್ಟಿಸಿದಂಗಾಗುತ್ತೆ ಅಂತ ತುಂಬಾ ಜನ ಹೆದರ್ತಾರೆ. ಹಾಗಾಗಲ್ಲ. ಕೇಳಿದ್ರೆ ಎಷ್ಟೋ ಸಲ ಎದೆ ಹಗುರ ಆಗುತ್ತೆ.

ಎರಡನೇದು, ಕಾಗದದ ಮೇಲೊಂದು ಪ್ಲಾನ್. ಇದನ್ನ ಸೇಫ್ಟಿ ಪ್ಲಾನ್ ಅಂತಾರೆ. ಅಕ್ಕ ಚೆನ್ನಾಗಿದ್ದ ಒಂದು ಭಾನುವಾರ ಅವಳ ಥೆರಪಿಸ್ಟ್ ಸಹಾಯದಿಂದ ಬರೆದ್ವಿ. ಅವಳಿಗೆ ಕಷ್ಟ ಶುರುವಾಗಿದೆ ಅಂತ ತೋರಿಸೋ ಗುರುತುಗಳು ಯಾವುವು? ಅಕ್ಕ ಹೇಳಿದ್ದು: ‘ಊಟ ಬೇಡ ಅಂತೀನಿ, ಎಲ್ರ ಡಿಪಿ ನೋಡ್ತಾ ಕೂರ್ತೀನಿ.’ ಆಗ ಅವಳು ಏನು ಮಾಡ್ತಾಳೆ? ಮುಖಕ್ಕೆ ತಣ್ಣೀರು, ಟೆರೇಸ್ ಮೇಲೆ ಓಡಾಟ. ಆಗಲಿಲ್ಲ ಅಂದ್ರೆ ಮೊದಲು ಯಾರಿಗೆ ಹೇಳಬೇಕು? ಅಮ್ಮಂಗೆ. ಆಮೇಲೆ ನನಗೆ, ಆಮೇಲೆ ಡಾಕ್ಟರಿಗೆ, 14416ಕ್ಕೆ. ಜೀವಕ್ಕೆ ಅಪಾಯ ಅನ್ನಿಸಿದ್ರೆ 112, ಇಲ್ಲಾ ನೇರ ಆಸ್ಪತ್ರೆಗೆ. ಮಾತ್ರೆಗಳೆಲ್ಲಾ ಅಮ್ಮನ ಬೀರುವಿನಲ್ಲಿ, ಕೀ ಅಮ್ಮನ ಹತ್ರ. ತೋಟಕ್ಕೆ ತಂದ ಔಷಧಿ ಮನೆಯಲ್ಲಿ ಇಡೋ ಹಾಗೇ ಇಲ್ಲ. ಹಳ್ಳಿಯಲ್ಲಿರೋರಿಗೆ ಈ ಕೊನೇ ಮಾತು ತುಂಬಾ ಮುಖ್ಯ. ಆ ಕೆಟ್ಟ ಗಂಟೆಯಲ್ಲಿ ಕೈಗೆ ಸಿಗದ ಹಾಗಿದ್ರೆ ಎಷ್ಟೋ ಜೀವ ಉಳಿಯುತ್ತೆ.

ಮೂರನೇದು, ಗುಟ್ಟು. ಆಣೆಯ ಮಾತಿಗೆ ಬರ್ತೀನಿ ಅಂದಿದ್ನಲ್ಲ? ಈಗ ನಾನು ಅಕ್ಕನಿಗೆ ಮುಂಚೆನೇ ಹೇಳಿದ್ದೀನಿ: ‘ನಿನ್ನ ಪ್ರೀತಿ-ಪ್ರೇಮ, ಜಗಳ ಎಲ್ಲಾ ನನ್ನ ಹೊಟ್ಟೇಲೇ ಇರುತ್ತೆ. ಆದ್ರೆ ಜೀವದ ಮಾತು ಬಂದ್ರೆ ಅಮ್ಮಂಗೆ ಹೇಳ್ತೀನಿ. ನಿಂಗೆ ಸಿಟ್ಟು ಬಂದ್ರೂ ಹೇಳ್ತೀನಿ.’ ಹೇಳಿದ ದಿನ ಅವಳು ಮಾತು ಬಿಟ್ಲು. ಮೂರು ದಿನ. ನನಗೆ ಮಾತ್ರ ಆ ಮೂರು ದಿನವೂ ಎರಡು ತಿಂಗಳಿಂದ ಬಾರದಿದ್ದ ನಿದ್ದೆ ಬಂತು.

ನಾಲ್ಕನೇದು, ಮಾತಾಡೋ ರೀತಿ. ಬಿಪಿಡಿ ಇರೋರು ನೋವಲ್ಲಿದ್ದಾಗ ನಾವು ಮೊದಲು ಮಾಡೋ ತಪ್ಪು ವಾದ. ‘ನೀನು ನನ್ನನ್ನ ಮರೆತೇಬಿಟ್ಟಿದ್ದೀಯ’ ಅಂತಾಳೆ ಅಕ್ಕ. ‘ನಿನ್ನೆ ತಾನೇ ಒಂದು ಗಂಟೆ ಮಾತಾಡಿದೆ ಅಲ್ವಾ?’ ಅಂತೀನಿ ನಾನು. ನನ್ನ ಲೆಕ್ಕ ಸರಿ. ಆದ್ರೆ ಅವಳು ಲೆಕ್ಕ ಕೇಳಿಲ್ಲ. ಈಗ ಹೀಗೆ ಹೇಳೋಕೆ ಕಲಿತಿದ್ದೀನಿ: ‘ಫೋನ್ ಎತ್ತದೇ ಇದ್ದಾಗ ನಿಂಗೆ ಒಬ್ಬಳೇ ಆಗ್ಬಿಟ್ಟೆ ಅನ್ನಿಸಿರಬೇಕು ಅಲ್ವಾ ಅಕ್ಕಾ? ಕಷ್ಟ ಅದು.’ ಇದು ತಪ್ಪೊಪ್ಪಿಗೆ ಅಲ್ಲ. ‘ಹೌದು, ನಾನು ಮರೆತೆ’ ಅಂತ ನಾನು ಸುಳ್ಳು ಹೇಳ್ತಿಲ್ಲ. ಅವಳ ಭಾವನೆಯನ್ನ ಒಪ್ತಿದ್ದೀನಿ, ಆರೋಪವನ್ನಲ್ಲ. ಎರಡು ನಿಮಿಷ ಹೀಗೆ ಕೇಳಿಸ್ಕೊಂಡ್ರೆ ಒಂದು ಗಂಟೆಯ ಜಗಳ ಉಳಿಯುತ್ತೆ. ಪ್ರತಿ ಸಲ ಅಲ್ಲ, ಎಷ್ಟೋ ಸಲ.

ಐದನೇದು ಗೆರೆ ಎಳೆಯೋದು, ಎಲ್ಲಕ್ಕಿಂತ ಕಷ್ಟದ್ದು. ನಾನು ಬೌಂಡರಿ ಅಂದ್ರೆ ಅಕ್ಕನಿಗೆ ರೂಲ್ಸ್ ಹಾಕೋದು ಅಂದ್ಕೊಂಡಿದ್ದೆ. ‘ರಾತ್ರಿ ಮೆಸೇಜ್ ಮಾಡಬಾರದು’ ಅಂತ. ಅದು ನನ್ನ ಕೈಯಲ್ಲಿಲ್ಲ. ನಾನು ಏನು ಮಾಡ್ತೀನಿ ಅನ್ನೋದು ಮಾತ್ರ ನನ್ನ ಕೈಯಲ್ಲಿದೆ. ಹಾಗಾಗಿ ಹೇಳಿದೆ: ‘ರಾತ್ರಿ 10.30ಕ್ಕೆ ಫೋನ್ ಸೈಲೆಂಟ್. ಮೆಸೇಜ್ ಬೆಳಗ್ಗೆ 8ಕ್ಕೆ ನೋಡ್ತೀನಿ, ಖಂಡಿತ ಉತ್ತರ ಕೊಡ್ತೀನಿ. ಜೀವದ ಮಾತಾದ್ರೆ ಅಮ್ಮನ್ನ ಎಬ್ಬಿಸು. ಅಮ್ಮನ ಫೋನ್ ಯಾವಾಗ ಬಂದ್ರೂ ರಿಂಗ್ ಆಗೋ ಥರ ಸೆಟ್ ಮಾಡಿದ್ದೀನಿ.’

ಮೊದಲ ವಾರ ಏನಾಯ್ತು? ಒಂದೇ ರಾತ್ರಿ 43 ಮೆಸೇಜು. ಗೆರೆ ಎಳೆದಾಗ ಮೊದಲು ಜಾಸ್ತಿ ಆಗಿ ಆಮೇಲೆ ಕಡಿಮೆ ಆಗುತ್ತೆ ಅಂತ ಸೈಕಾಲಜಿಸ್ಟ್ ಮುಂಚೆನೇ ಹೇಳಿದ್ರು. ಆದ್ರೂ ಎರಡನೇ ವಾರ ಒಂದು ದಿನ ನಾನು ಸೋತೆ. ರಾತ್ರಿ ಒಂದಕ್ಕೆ ಎದ್ದು ಉತ್ತರ ಕೊಟ್ಟೆ. ಅದರಿಂದ ಏನಾಯ್ತು ಅಂದ್ರೆ, 40ನೇ ಮೆಸೇಜಿಗೆ ಇವನು ಎದ್ದೇಳ್ತಾನೆ ಅಂತ ಪಾಠ ಆಯ್ತು. ಅವಳು ಬೇಕಂತ ಕಲಿತಿದ್ದಲ್ಲ, ಮನುಷ್ಯರೆಲ್ಲಾ ಕಲಿಯೋದು ಹಾಗೇ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಗೆರೆಗಿಂತಲೂ ಮುಖ್ಯವಾದದ್ದು ಬೆಳಗ್ಗೆ 8ರ ಉತ್ತರ. ಒಂದು ದಿನವೂ ತಪ್ಪಿಸಲಿಲ್ಲ. ಬಿಟ್ಟು ಹೋಗ್ತಾರೆ ಅನ್ನೋ ಭಯ ಇರೋಳಿಗೆ ‘ಬರ್ತೀನಿ’ ಅಂದೋನು ಬಂದೇ ಬರ್ತಾನೆ ಅಂತ ಗೊತ್ತಾಗಬೇಕು. ಸುಮಾರು ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ನೋಡಿದ್ರೆ ಒಂದೇ ಮೆಸೇಜು: ‘ರಾತ್ರಿ ಬೇಜಾರಾಗಿತ್ತು. ಟೆರೇಸಲ್ಲಿ ಓಡಾಡಿದೆ. ಈಗ ಪರವಾಗಿಲ್ಲ.’ ಅದರ ಸ್ಕ್ರೀನ್‌ಶಾಟ್ ಇನ್ನೂ ಇಟ್ಟಿದ್ದೀನಿ.

ಇನ್ನು ನಮ್ಮ ಮೈಗೆ ಸಂಬಂಧಪಟ್ಟಿದ್ದು. ಆತಂಕ ಏರಿದಾಗ ಬುದ್ಧಿ ಹೇಳಿದ್ರೆ ಮೈ ಕೇಳಲ್ಲ. ಉಸಿರು ಒಳಗೆ ತಗೊಳ್ಳೋದಕ್ಕಿಂತ ಹೊರಗೆ ಬಿಡೋದನ್ನ ನಿಧಾನ ಮಾಡಿ. ನಾಲ್ಕು ಎಣಿಸ್ತಾ ತಗೊಂಡ್ರೆ ಆರು ಎಣಿಸ್ತಾ ಬಿಡಿ, ಐದು ನಿಮಿಷ. ಆಮೇಲೆ ಒಂದು ಹಾಳೆಯಲ್ಲಿ ಎರಡು ಸಾಲು ಬರೀರಿ. ನನಗೆ ಗೊತ್ತಿರೋದು: ಅಕ್ಕ ಒಂಬತ್ತಕ್ಕೆ ಊಟ ಮಾಡಿದ್ಲು, ಅಮ್ಮ ಮನೆಯಲ್ಲಿದ್ದಾರೆ. ನಾನು ಕಲ್ಪಿಸ್ತಿರೋದು: ಉಳಿದಿದ್ದೆಲ್ಲಾ. ಲಾಸ್ಟ್ ಸೀನ್ ನೋಡೋದನ್ನ ಒಂದೇ ಸಲ ಬಿಡೋಕೆ ಆಗಲ್ಲ. ಮೊದಲು ಹದಿನೈದು ನಿಮಿಷ ಮುಂದೂಡಿ. ಆ ಭಯ ತಾನಾಗೇ ಇಳಿಯೋದನ್ನ ಒಂದ್ಸಲ ನೋಡಿದ್ರೆ ಸಾಕು, ಮುಂದಿನ ಸಲ ಸುಲಭ.

ಆಮೇಲೆ, ಒಬ್ಬರೇ ಹೊರಬೇಡಿ. ನಮ್ಮಲ್ಲಿ ಮಾನಸಿಕ ಕಾಯಿಲೆ ಅಂದ್ರೆ ಮನೆಯವರೇ ದಾದಿಯರು. ಇದನ್ನ ನಮ್ಮ ವೈದ್ಯರು ಬೇಗನೇ ಅರ್ಥ ಮಾಡ್ಕೊಂಡ್ರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನೋರು ರೋಗಿಗಳ ಮನೆಯವರನ್ನ ಕರೆಸಿ ಆಸ್ಪತ್ರೆ ಆವರಣದಲ್ಲೇ ಟೆಂಟ್ ಹಾಕಿಸಿ ಜೊತೆಗಿರಿಸಿದ್ರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆ ಅಂತಲೇ ಚಿಕಿತ್ಸಾ ವಿಭಾಗ ಇದೆ. ಅಮೆರಿಕದಲ್ಲಿ ಬಿಪಿಡಿ ಇರೋರ ಮನೆಯವರಿಗಾಗಿಯೇ ‘ಫ್ಯಾಮಿಲಿ ಕನೆಕ್ಷನ್ಸ್’ ಅನ್ನೋ 12 ವಾರಗಳ ಉಚಿತ ಕೋರ್ಸ್ ಇದೆ, ಬೇರೆ ದೇಶಗಳಿಗೂ ಹಬ್ಬಿದೆ. ಬೆಂಗಳೂರಿಗೆ ಬರೋಕೆ ಆಗದೇ ಇದ್ರೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. 14416 ರೋಗಿಗಳಿಗಷ್ಟೇ ಅಲ್ಲ, ನಮಗೂ ಇದೆ. ಅದು ಶುರುವಾಗಿದ್ದು 2022ರ ಅಕ್ಟೋಬರ್ 10ರಂದು. ಫೋನ್ ಮಾಡಿ ‘ನನ್ನ ಅಕ್ಕನಿಗೆ ಹೀಗಿದೆ, ನನಗೆ ಭಯ ಆಗ್ತಿದೆ’ ಅಂತ ಹೇಳಬಹುದು.

ಪೊಲೀಸ್ ಕೇಸ್ ಆಗುತ್ತೆ ಅಂತ ಆಸ್ಪತ್ರೆಗೆ ಹೋಗೋಕೆ ಹೆದರೋರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರ ಆರೈಕೆ ಕೊಡಬೇಕು ಅನ್ನುತ್ತೆ. ಆ ಭಯಕ್ಕೆ ತಡ ಮಾಡ್ಬೇಡಿ.

ನೆಂಟರ ಬಗ್ಗೆ ಒಂದೇ ಮಾತು. ‘ಒಂದು ಮದುವೆ ಮಾಡಿ, ಎಲ್ಲಾ ಸರಿ ಹೋಗುತ್ತೆ’ ಅಂದೋರು ನಮ್ಮಲ್ಲಿ ಕಡಿಮೆ ಏನಿಲ್ಲ. ಬಿಟ್ಟು ಹೋಗ್ತಾರೆ ಅನ್ನೋ ಭಯ ಇರೋ ಹುಡುಗಿಯನ್ನ ಗೊತ್ತಿಲ್ಲದ ಮನೆಗೆ, ವಿಷಯ ಮುಚ್ಚಿಟ್ಟು ಕಳಿಸೋದು ಚಿಕಿತ್ಸೆ ಅಲ್ಲ. ದೇವಸ್ಥಾನಕ್ಕೆ ಹೋಗೋದಿದ್ರೆ ಹೋಗಿ, ಅಮ್ಮ ಈಗಲೂ ಹೋಗ್ತಾರೆ. ಥೆರಪಿ ದಿನ ಮಾತ್ರ ತಪ್ಪಿಸಬೇಡಿ.

ಹಾಗಾದ್ರೆ ಇದು ಯಾವತ್ತಾದ್ರೂ ಸರಿ ಹೋಗುತ್ತಾ? ಬಿಪಿಡಿಗೇ ಅಂತ ಒಂದು ಮಾತ್ರೆ ಇಲ್ಲ. ಜೊತೆಗಿರೋ ಖಿನ್ನತೆ, ನಿದ್ದೆಗೆ ಔಷಧಿ ಕೊಡಬಹುದು. ಮುಖ್ಯ ಚಿಕಿತ್ಸೆ ಥೆರಪಿನೇ. ಆದ್ರೆ ಒಂದು ಒಳ್ಳೆ ಸುದ್ದಿ ಇದೆ. ಅಮೆರಿಕದ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಜನಾರಿನಿ ಅವರ ತಂಡ ಬಿಪಿಡಿ ಇದ್ದ 290 ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿತು. 10 ವರ್ಷದೊಳಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಕನಿಷ್ಠ 2 ವರ್ಷ, ಬಿಪಿಡಿ ಅನ್ನೋವಷ್ಟು ಲಕ್ಷಣ ಇಲ್ಲದ ಕಾಲ ಸಿಕ್ಕಿತ್ತು. ಅದರ ಜೊತೆಗೆ ಕೆಲಸ, ಸಂಬಂಧ ಕೂಡ ನೆಟ್ಟಗಾಗಿದ್ದು ಸುಮಾರು ಅರ್ಧದಷ್ಟು ಜನರಿಗೆ. ಎರಡೂ ಅಂಕಿ ನೆನಪಿರಲಿ. ಮೊದಲನೇದು ಭರವಸೆಗೆ, ಎರಡನೇದು ತಾಳ್ಮೆಗೆ.

ಅಕ್ಕ ಈಗ ಒಂದು ಟ್ಯೂಷನ್ ಸೆಂಟರಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡ್ತಾಳೆ. ಹೋದ ತಿಂಗಳು ಒಂದು ರಾತ್ರಿ ಕಷ್ಟ ಆಯ್ತು. ಅಮ್ಮನ್ನ ಎಬ್ಬಿಸಿದ್ಲು, ಅಮ್ಮ ನಂಗೆ ಫೋನ್ ಮಾಡಿದ್ರು. ನಾನು ಬಸ್ ಹತ್ತಲಿಲ್ಲ. ಫೋನಲ್ಲೇ ಪ್ಲಾನ್ ಓದಿ ಹೇಳಿದೆ, ಅಮ್ಮ ಪಕ್ಕದಲ್ಲಿ ಕೂತ್ರು. ಬೆಳಗ್ಗೆ ಇಬ್ಬರೂ ಡಾಕ್ಟರ್ ಹತ್ರ ಹೋದ್ರು. ನಾನು ಆಫೀಸಿಗೆ ಹೋದೆ. ಕೈ ನಡುಗ್ತಿತ್ತು, ಆದ್ರೂ ಹೋದೆ.

ಈ ರೆಕಾರ್ಡಿಂಗ್‌ಗೆ ಮುಂಚೆ ಅಕ್ಕನ್ನ ಕೇಳಿದೆ, ‘ಕೇಳ್ತಿರೋರಿಗೆ ನೀನೇನಾದ್ರೂ ಹೇಳ್ತೀಯಾ?’ ಅಂತ. ಸ್ವಲ್ಪ ಹೊತ್ತು ಯೋಚಿಸಿ ಅಂದ್ಲು: ‘ನಮ್ಮನ್ನ ಕಾಯೋಕೆ ಅಂತ ನಿದ್ದೆ ಕೆಡಬೇಡಿ ಅನ್ನು. ಬೆಳಗ್ಗೆ ನೀವು ಎದ್ದಿರಬೇಕು, ನಮಗೆ ಬೇಕಾಗಿರೋದು ಅದು.’

ನಿಮ್ಮ ಮನೆಯಲ್ಲೂ ಹೀಗಿದ್ರೆ, ಇವತ್ತು ಒಂದೇ ಒಂದು ಕೆಲಸ ಮಾಡಿ. ಈ ಭಾರವನ್ನ ನಿಮ್ಮ ಜೊತೆ ಹೊರಬಲ್ಲ ಇನ್ನೊಬ್ಬರಿಗೆ ಫೋನ್ ಮಾಡಿ ವಿಷಯ ಹೇಳಿ. ಅಷ್ಟು ಸಾಕು. ಮುಂದಿನ ವಾರ ಸಿಗೋಣ. ನಮಸ್ಕಾರ.